ಹಿತ್ತಾಳೆ ಇಂಜಿನ್ನಿನ ಈ ಪೈಪು ಎಲ್ಲಿಗೆ ಹೋಗುತ್ತೆ?

“ಈ ಪೈಪ್‌ನಾಗ ಏನು ಹೋಗ್ತೈತಿ ತಮ್ಮಾ?”

ನಮ್ಮ ಓಣಿಯ ಕೊನೇ ಮನೆಯ ಅಜ್ಜ ಕೇಳಿದ ಮೊದಲ ಪ್ರಶ್ನೆಯೇ ಇದು. ಅವರ ಅಂಗೈ ಮೇಲೆ ನನ್ನ ಮಾದರಿ ರೈಲಿನ ಹಿತ್ತಾಳೆ ಇಂಜಿನ್ ಕೂತಿತ್ತು. ಟೆಂಡರ್, ಅಂದ್ರೆ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯೂ ಸೇರಿ ಒಂದು ಗೇಣು, ಮೇಲೆ ನಾಲ್ಕು ಬೆರಳು ಉದ್ದ. ದಾವಣಗೆರೆ ಲೈನು ಮೀಟರ್‌ಗೇಜ್ ಇದ್ದ ಕಾಲದಲ್ಲಿ ಅಜ್ಜ ಉಗಿ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ನಾನೋ, ಅಶೋಕ ರಸ್ತೆಯ ರೈಲ್ವೆ ಗೇಟ್ ಬಿದ್ದಾಗ ಸೈಕಲ್ ನಿಲ್ಲಿಸಿ ಬಾಯಿ ಬಿಟ್ಕೊಂಡು ಇಂಜಿನ್ ನೋಡುತ್ತಿದ್ದ ಹುಡುಗ. ಮೂರು ತಿಂಗಳು ಕೂತು, ಕಣ್ಣು ಕೆಂಪು ಮಾಡಿಕೊಂಡು ಆ ಪುಟ್ಟ ಇಂಜಿನ್ನಿಗೆ ಹನ್ನೊಂದು ಹೊಸ ಪೈಪು ಹಾಕಿದ್ದೆ. ಅಜ್ಜ ಬೆರಳಿಟ್ಟಿದ್ದ ಪೈಪು ಬಾಯ್ಲರ್ ನಡುವಿಂದ ಹೊರಟು, ಚೆಂದವಾಗಿ ಬಳುಕಿ, ಗಾಲಿಗಳ ಹಿಂದೆ ಎಲ್ಲೋ ಮಾಯವಾಗುತ್ತಿತ್ತು. ಅದರಲ್ಲಿ ಏನು ಹೋಗುತ್ತೆ? ನನಗೆ ಗೊತ್ತಿರಲಿಲ್ಲ.

“ಚೆಂದ ಕಾಣ್ಲಿ ಅಂತ ಹಾಕಿದೆ ಅಜ್ಜಾ.”

“ಹಂಗಾರ ಅದು ಪೈಪಲ್ಲ ಬಿಡು. ಒಡವಿ.”

ಮಾದರಿ ರೈಲಿನ ಹವ್ಯಾಸದಲ್ಲಿ ಸೂಪರ್‌ಡಿಟೇಲಿಂಗ್ ಅನ್ನೋ ಮಾತು ಬಹಳ ಓಡಾಡುತ್ತೆ. ಅಂಗಡಿಯಿಂದ ಬಂದ ಇಂಜಿನ್ನಿನಲ್ಲಿ ಇಲ್ಲದ ಸಣ್ಣ ಸಣ್ಣ ಭಾಗಗಳನ್ನು ಸೇರಿಸೋದು, ಒರಟಾಗಿ ಇದ್ದದ್ದನ್ನು ಕಿತ್ತು ಸರಿಯಾದದ್ದನ್ನು ಕೂರಿಸೋದು, ಜೊತೆಗೆ ಅದರ ಓಟವನ್ನೂ ಸುಧಾರಿಸೋದು. ಹೇಳೋಕೆ ಇಷ್ಟೇ. ಆದರೆ ಇದು ಅಂಟಿಸೋ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅಜ್ಜನ ಆ ಒಂದು ಪ್ರಶ್ನೆ ಆದಮೇಲೆ ಹನ್ನೊಂದರಲ್ಲಿ ಏಳು ಪೈಪು ಕಿತ್ತು ಹಾಕಿದೆ. ಯಾಕೆ ಕಿತ್ತೆ, ಮತ್ತೆ ಹೇಗೆ ಹಾಕಿದೆ ಅನ್ನೋದನ್ನ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಇಂಜಿನ್ನಿನ ಪರಿಚಯ. ಇದು ಎಚ್‌ಒ ಅಳತೆಯದು. ಅಂದ್ರೆ ನಿಜದ 1 ಅಡಿ ಇಲ್ಲಿ 3.5 ಮಿ.ಮೀ. ಅಸಲಿ ಇಂಜಿನ್ನಿನ 87ನೇ ಒಂದು ಭಾಗ. ಮಾದರಿ ಅಮೆರಿಕದ ‘ಲೈಟ್ ಮಿಕಾಡೊ’ದ್ದು. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರ್ಕಾರ ಅಲ್ಲಿನ ರೈಲ್ವೆಗಳನ್ನೆಲ್ಲ ತನ್ನ ಕೈಗೆ ತಗೊಂಡಿತ್ತು. ಆಗ ಎಲ್ಲರಿಗೂ ಒಂದೇ ನಮೂನೆ ಅಂತ ಗೀಚಿದ ಇಂಜಿನ್ ಇದು. ಮೊದಲನೆಯದು 1918ರ ಜುಲೈನಲ್ಲಿ ಬಾಲ್ಡ್ವಿನ್ ಕಾರ್ಖಾನೆಯಿಂದ ಹೊರಬಂತು. ಆ ಯೋಜನೆಯಲ್ಲಿ ಒಟ್ಟು 625 ಇಂಜಿನ್ ಆದವು. ಮುಂದೆ 2 ಸಣ್ಣ ಗಾಲಿ, ನಡುವೆ 8 ದೊಡ್ಡ ಗಾಲಿ, ಹಿಂದೆ ಮತ್ತೆ 2. ಈ ಜೋಡಣೆಗೇ ಮಿಕಾಡೊ ಅಂತ ಹೆಸರು. 1897ರಲ್ಲಿ ಬಾಲ್ಡ್ವಿನ್‌ನವರು ಜಪಾನಿಗೆ ಇಂಥ ಇಂಜಿನ್ ಮಾಡಿಕೊಟ್ಟಿದ್ದರಿಂದ ಆ ಹೆಸರು ಬಂತು. ನಮ್ಮ ಮೀಟರ್‌ಗೇಜಿನ ಗೂಡ್ಸ್ ಇಂಜಿನ್ ವೈಜಿ ಕೂಡ ಇದೇ ಜೋಡಣೆಯದು. ಅಜ್ಜ ಕೈಗೆ ತಗೊಂಡ ಕೂಡಲೇ “ವೈಜಿ ಅಣ್ಣತಮ್ಮ ಇದ್ದಂಗೈತಿ” ಅಂದಿದ್ದು ಅದಕ್ಕೇ.

ದಾವಣಗೆರೆಯವನ ಹತ್ರ ಅಮೆರಿಕದ ಇಂಜಿನ್ ಯಾಕೆ ಅಂತ ಕೇಳಬಹುದು. ಕಾರಣ ಸರಳ. 1950ರ ದಶಕದಿಂದ ಜಪಾನಿನ ಸಣ್ಣ ಸಣ್ಣ ಕಾರ್ಖಾನೆಗಳು ಹಿತ್ತಾಳೆ ತಗಡು ಕತ್ತರಿಸಿ, ಬಗ್ಗಿಸಿ, ಕೈಯಿಂದ ಬೆಸೆದು ಇಂಥ ಮಾದರಿಗಳನ್ನು ಮಾಡಿ ಅಮೆರಿಕಕ್ಕೆ ಕಳಿಸಿದವು. ಆಮೇಲೆ ಆ ಕೆಲಸ ಕೊರಿಯಾಕ್ಕೆ ಹೋಯಿತು. ಹೀಗಾಗಿ ಹಳೇ ಹಿತ್ತಾಳೆ ಮಾದರಿ ಸಿಕ್ಕಿತು ಅಂದರೆ ಅದು ಅಮೆರಿಕದ ಇಂಜಿನ್ನಿನದ್ದಾಗಿರೋದೇ ಜಾಸ್ತಿ. ಜಪಾನಿನ ಹೆಸರಾಂತ ತಯಾರಕರಲ್ಲಿ ಟೆನ್‌ಶೋಡೊ ಒಂದು. ಟೋಕಿಯೋದ ಗಿನ್ಜಾದಲ್ಲಿರುವ ಅದು ಗಡಿಯಾರ, ಒಡವೆ ಮಾರುವ ಅಂಗಡಿಯೂ ಹೌದು! ಒಡವೆಯ ಮಾತು ಅಜ್ಜನ ಬಾಯಲ್ಲಿ ಸುಮ್ನೆ ಬಂದಿದ್ದಲ್ಲ ಬಿಡಿ.

ಓಡದ ಇಂಜಿನ್ನಿಗೆ ಅಲಂಕಾರ ಯಾಕೆ

ಹಳೇ ಹಿತ್ತಾಳೆ ಇಂಜಿನ್ ಕೈಗೆ ಬಂದ ತಕ್ಷಣ ಎಲ್ಲರ ಕೈ ಗಂಟೆಗೆ, ಸಿಳ್ಳೆಗೆ ಹೋಗುತ್ತೆ. ಹೋಗಬಾರದು. ಮೊದಲು ಅದನ್ನ ಹಳಿ ಮೇಲೆ ನಿಧಾನ ಓಡಿಸಿ ನೋಡಿ. ನನ್ನದು ಕಾಫಿ ಬೀಜ ಪುಡಿ ಮಾಡೋ ಮಿಷನ್ ಥರ ಸದ್ದು ಮಾಡುತ್ತಿತ್ತು, ಜೊತೆಗೆ ಕುಂಟುತ್ತಿತ್ತು.

ಕುಂಟೋದಕ್ಕೆ ಕಾರಣ ತಿಳಿಯಬೇಕಾದರೆ ಸೈಕಲ್ ನೆನೆಸಿಕೊಳ್ಳಿ. ಒಂದು ಪೆಡಲ್ ನೆತ್ತಿಗೆ, ಇನ್ನೊಂದು ಪಾದಕ್ಕೆ ನೇರ ಬಂದು ನಿಂತಾಗ ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗಲ್ಲ. ಎರಡೂ ಕಾಲು ಒಂದೇ ಸಲ ಸತ್ತ ಜಾಗಕ್ಕೆ ಬರುತ್ತವೆ. ಉಗಿ ಇಂಜಿನ್ನಿಗೆ ಹಾಗಾದರೆ ಗತಿಯೇನು? ಅದಕ್ಕೇ ಬಲಗಡೆ ಕ್ರ್ಯಾಂಕನ್ನು (ಪೆಡಲಿನ ತೋಳಿನಂಥದ್ದು) ಎಡಗಡೆಯದಕ್ಕಿಂತ 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಒಂದು ಬದಿಯ ಪಿಸ್ಟನ್ ಕೈ ಚೆಲ್ಲಿದಾಗ ಇನ್ನೊಂದು ಬದಿಯದು ಪೂರ್ತಿ ಜೋರಿನಲ್ಲಿರುತ್ತೆ. ಇದಕ್ಕೆ ಕ್ವಾರ್ಟರಿಂಗ್ ಅಂತಾರೆ.

ಮಾದರಿಯಲ್ಲಿ ಮೋಟಾರು ತಿರುಗಿಸೋದು ಒಂದೇ ಅಚ್ಚನ್ನು. ಉಳಿದ ಗಾಲಿಗಳನ್ನು ಪಕ್ಕದ ರಾಡುಗಳು ಎಳೆದುಕೊಂಡು ಹೋಗುತ್ತವೆ. ನಾಲ್ಕು ಅಚ್ಚಿನಲ್ಲಿ ಒಂದು ಎರಡು ಡಿಗ್ರಿ ಆಚೀಚೆ ಆದರೂ ರಾಡು ಸಿಕ್ಕಿಕೊಂಡು ಪ್ರತಿ ಸುತ್ತಿಗೊಮ್ಮೆ ಕುಂಟುತ್ತೆ. ರಾಡಿನ ತೂತು ದೊಡ್ಡದು ಮಾಡಿದರೆ ಕುಂಟು ಕಾಣೋದು ನಿಲ್ಲುತ್ತೆ, ರೋಗ ಉಳಿಯುತ್ತೆ. ಸರಿಯಾದ ದಾರಿ ಅಂದ್ರೆ ರಾಡು ಬಿಚ್ಚಿ, ಒಂದೊಂದೇ ಅಚ್ಚು ಜೋಡಿಸುತ್ತಾ ಬೆರಳಲ್ಲಿ ತಳ್ಳಿ ನೋಡಿ, ಯಾವುದು ಹಟ ಮಾಡುತ್ತೋ ಆ ಗಾಲಿಯನ್ನು ಅಚ್ಚಿನ ಮೇಲೆ ಕೂದಲೆಳೆಯಷ್ಟು ತಿರುಗಿಸೋದು. ನನಗೆ ಎರಡು ಭಾನುವಾರ ಹಿಡಿಯಿತು.

ಸದ್ದಿನ ಕಾರಣ ಹಳೇ ಮೋಟಾರು. ಆ ಕಾಲದ ತೆರೆದ ಚೌಕಟ್ಟಿನ ಮೋಟಾರುಗಳು ದೊಡ್ಡವು, ಕರೆಂಟೂ ಜಾಸ್ತಿ ಕುಡಿಯುತ್ತವೆ. ಗಾಲಿ ಒತ್ತಿ ಹಿಡಿದರೆ ಒಂದು ಆಂಪಿಯರ್ ದಾಟೋದು ಸಾಮಾನ್ಯ. ಈಗಿನ ಡಿಸಿಸಿ ಡಿಕೋಡರ್ (ಹಳಿಯಿಂದ ಬರೋ ಡಿಜಿಟಲ್ ಸಂಕೇತ ಓದಿ ಮೋಟಾರು ನಡೆಸೋ ಪುಟ್ಟ ಸರ್ಕ್ಯೂಟು) ಹಾಕಬೇಕು ಅನ್ನೋರು ಈ ಅಳತೆ ಮಾಡದೆ ಹಾಕಿದರೆ ಡಿಕೋಡರ್ ಸುಟ್ಟ ವಾಸನೆ ಮನೆಯೆಲ್ಲ. ನಾನು ಮುಚ್ಚಿದ ಡಬ್ಬಿಯಂಥ ಸಣ್ಣ ಮೋಟಾರು ಹಾಕಿದೆ. ಇದರಿಂದ ಇನ್ನೊಂದು ಲಾಭವೂ ಆಯಿತು, ಅದನ್ನ ಕೊನೆಗೆ ಹೇಳ್ತೀನಿ.

ಇನ್ನು ಕರೆಂಟಿನ ದಾರಿ. ಇದು ಗೊತ್ತಿಲ್ಲದೆ ನಾನು ಮಾಡಿದ ಎಡವಟ್ಟು ಕೇಳಿ. ಇಂಥ ಇಂಜಿನ್ನುಗಳಲ್ಲಿ ಇಂಜಿನ್ನಿನ ಗಾಲಿಗಳು ಒಂದು ಹಳಿಯಿಂದ ಕರೆಂಟು ತಗೊಳ್ಳುತ್ತವೆ, ಟೆಂಡರಿನ ಗಾಲಿಗಳು ಇನ್ನೊಂದು ಹಳಿಯಿಂದ. ಮೈಯೆಲ್ಲ ಹಿತ್ತಾಳೆ ಆದ್ದರಿಂದ ಇಡೀ ಇಂಜಿನ್ ಒಂದು ತಂತಿ, ಇಡೀ ಟೆಂಡರ್ ಇನ್ನೊಂದು ತಂತಿ ಇದ್ದ ಹಾಗೆ. ನಡುವಿನ ಕೊಂಡಿಯಲ್ಲಿ ಮಾತ್ರ ಇನ್ಸುಲೇಷನ್ ಇರುತ್ತೆ. ಟೆಂಡರಿನಿಂದ ಇಂಜಿನ್ನಿಗೆ ನೀರು ಬರೋ ಎರಡು ಹೋಸ್ ಪೈಪು ಇರಲೇಬೇಕಲ್ವಾ ಅಂತ ನಾನು ಅವನ್ನ ಅಪ್ಪಟ ತಾಮ್ರದ ತಂತಿಯಲ್ಲಿ ಮಾಡಿ, ಎರಡೂ ತುದಿ ಬೆಸೆದು ಹಳಿ ಮೇಲಿಟ್ಟೆ. ಚಟಾರ್ ಅಂತ ಕಿಡಿ, ಪವರ್ ಪ್ಯಾಕ್ ಬಂದ್. ಈಗ ಅದೇ ಜಾಗದಲ್ಲಿ ಸಣ್ಣ ವೈರಿನ ಮೇಲಿಂದ ಸುಲಿದ ಕಪ್ಪು ಸಿಪ್ಪೆ ಇದೆ. ಅಸಲಿ ಇಂಜಿನ್ನಿನಲ್ಲೂ ಅಲ್ಲಿರೋದು ಬಗ್ಗುವ ಹೋಸ್ ತಾನೇ, ನೋಡೋಕೂ ಅದೇ ಸರಿ. ಬ್ರೇಕ್ ಕಟ್ಟೆಗಳಿಗೂ ಇದೇ ಮಾತು. ಹಿತ್ತಾಳೆ ಬ್ರೇಕ್ ಕಟ್ಟೆ ಇನ್ಸುಲೇಟ್ ಮಾಡಿದ ಕಡೆಯ ಗಾಲಿಗೆ ತಾಗಿದರೆ ತಿರುವಿನಲ್ಲಿ ಮಾತ್ರ ಶಾರ್ಟ್ ಆಗುತ್ತೆ. ನೇರ ಹಳಿಯಲ್ಲಿ ಸಾಧುವಿನಂತೆ ಓಡುತ್ತೆ. ತಲೆ ಕೆಡೋದು ಅಲ್ಲೇ.

ಕಲಾಯಿಯವನಿಗೆ ಗೊತ್ತಿದ್ದದ್ದು

ಹಿತ್ತಾಳೆಗೆ ಹಿತ್ತಾಳೆ ಸೇರಿಸೋಕೆ ಅಂಟು ಬಳಸೋರಿದ್ದಾರೆ. ನಾನು ಸೋಲ್ಡರ್ ಪಕ್ಷ. ಅಂಟಿಸಿದ ಕೈಪಿಡಿ ಕಂಬಿ ಒಂದು ದಿನ ಬೆರಳಿಗೆ ಬರುತ್ತೆ, ಬೆಸೆದದ್ದು ಬರಲ್ಲ.

ಬೆಸುಗೆ ಹೇಗೆ ಕೂರುತ್ತೆ ಅನ್ನೋದು ನಮ್ಮ ಅಮ್ಮಂದಿರ ತಲೆಮಾರಿಗೆ ಚೆನ್ನಾಗಿ ಗೊತ್ತು. ಓಣಿಗೆ ಕಲಾಯಿಯವನು ಬರುತ್ತಿದ್ದ, ನೆನಪಿದೆಯಾ? ಹಿತ್ತಾಳೆ ಪಾತ್ರೆಯನ್ನು ತಿದಿ ಒತ್ತಿ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ ಬಟ್ಟೆಯಿಂದ ಉಜ್ಜುತ್ತಿದ್ದ. ಬೆಳ್ಳಗೆ ಹೊಗೆ ಎದ್ದು ಪಾತ್ರೆ ಒಳಗೆ ಬೆಳ್ಳಿಯಂತಾಗುತ್ತಿತ್ತು. ಆ ಮೂರೇ ಹೆಜ್ಜೆ ಇಲ್ಲೂ. ಲೋಹ ಚೊಕ್ಕ ಇರಬೇಕು, ಕಾದಾಗ ಮೇಲೆ ಕೂರುವ ಕೊಳೆಯನ್ನು ಫ್ಲಕ್ಸ್ (ಕಲಾಯಿಯವನ ನವಸಾಗರದಂಥದ್ದು) ತಿನ್ನಬೇಕು, ಕಾದ ಲೋಹವೇ ತವರವನ್ನು ಕರಗಿಸಬೇಕು. ಸೋಲ್ಡರನ್ನು ಬೆಸುಗೆ ಐರನ್ನಿನ ತುದಿಯಲ್ಲಿ ಕರಗಿಸಿ ತಣ್ಣನೆ ಹಿತ್ತಾಳೆ ಮೇಲೆ ಮೆತ್ತಿದರೆ ಅದು ಗುಂಡಗೆ ಕೂತು ಉಗುರಲ್ಲಿ ಕಿತ್ತು ಬರುತ್ತೆ.

ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಭಾಗ ಸಣ್ಣದು, ಆದ್ದರಿಂದ ಸಣ್ಣ ಐರನ್ ಸಾಕು ಅನ್ನೋ ಲೆಕ್ಕ. 25 ವಾಟಿನ ಐರನ್ ಹಿಡಿದು ಬಾಯ್ಲರಿಗೆ ಒಂದು ಪುಟ್ಟ ಕವಾಟ ಬೆಸೆಯೋಕೆ ಹೋದೆ. ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ವೇಗವಾಗಿ ಕಾವನ್ನು ಎಳೆದುಕೊಳ್ಳುತ್ತೆ. ನಾನು ಕೊಟ್ಟ ಕಾವೆಲ್ಲ ಬಾಯ್ಲರ್ ತುಂಬ ಹರಡಿತು, ಬೇಕಾದ ಜಾಗ ಮಾತ್ರ ಕಾಯಲಿಲ್ಲ. ಒಂದು ನಿಮಿಷ ಹಾಗೇ ಹಿಡಿದೆ. ಕವಾಟ ಕೂರೋ ಬದಲು ಎರಡು ಬೆರಳು ಆಚೆ, ಬಾಯ್ಲರ್ ನೆತ್ತಿಯಲ್ಲಿ ಮರಳು ತುಂಬೋಕೆ ಇರುವ ಗುಮ್ಮಟ ಮೆಲ್ಲಗೆ ಜಾರಿ ಪಕ್ಕಕ್ಕೆ ವಾಲಿತು. ಜಪಾನಿನ ಯಾವ ಕೈಯೋ 60 ವರ್ಷದ ಹಿಂದೆ ಬೆಸೆದದ್ದು.

ದೋಸೆ ಕಾವಲಿ ನೆನಪಿಸಿಕೊಳ್ಳಿ. ತೆಳು ತವಾ ಮೇಲೆ ಹಿಟ್ಟು ಹುಯ್ದರೆ ತವಾ ತಣ್ಣಗಾಗಿ ದೋಸೆ ಅಂಟುತ್ತೆ. ನಮ್ಮ ಬೆಣ್ಣೆ ದೋಸೆ ಅಂಗಡಿಗಳ ದಪ್ಪ ಕಾವಲಿ ತನ್ನೊಳಗೇ ಕಾವು ಇಟ್ಟುಕೊಂಡಿರುತ್ತೆ, ಹಿಟ್ಟು ಬಿದ್ದ ಕೂಡಲೇ ಚುಂಯ್ ಅನ್ನುತ್ತೆ. ಐರನ್ನೂ ಹಾಗೇ. ಬಾಯ್ಲರಿಗೆ 80–100 ವಾಟಿನ, ದಪ್ಪ ತುದಿಯ ಐರನ್ ಬೇಕು. ಮುಟ್ಟಿಸಿ, ಎರಡು ಸೆಕೆಂಡಿನಲ್ಲಿ ಸೋಲ್ಡರ್ ಹರಿಯಬೇಕು, ಕೈ ತೆಗೆಯಬೇಕು. ಕಾವು ನೆರೆಮನೆಗೆ ಹೋಗೋಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಅಕ್ಕಪಕ್ಕದ ಭಾಗಗಳ ಮೇಲೆ ಒದ್ದೆ ಹತ್ತಿ ಇಟ್ಟರೆ ಇನ್ನೂ ಒಳ್ಳೇದು.

ಇನ್ನೊಂದು ಉಪಾಯವನ್ನು ಚೌಕಿಪೇಟೆ ಕಡೆಯ ಒಬ್ಬ ಪತ್ತಾರರಿಂದ ಕಲಿತೆ. ಅವರು ಒಂದೇ ಒಡವೆಗೆ ಮೂರು ನಮೂನೆ ಬೆಸುಗೆ ಬಳಸುತ್ತಾರೆ. ಮೊದಲಿನದು ಗಟ್ಟಿ, ಅಂದ್ರೆ ಜಾಸ್ತಿ ಕಾವಿಗೆ ಕರಗೋದು. ಆಮೇಲಿನದು ಅದಕ್ಕಿಂತ ಮೆದು. ಹಾಗಾಗಿ ಎರಡನೆಯದನ್ನು ಬೆಸೆಯುವಾಗ ಮೊದಲಿನದು ಅಲುಗಾಡಲ್ಲ. ನಮ್ಮ ಲೆಕ್ಕದಲ್ಲಿ ತವರ-ಬೆಳ್ಳಿಯ ಸೋಲ್ಡರ್ 221 ಡಿಗ್ರಿಗೆ ಕರಗುತ್ತೆ, ಸಾಮಾನ್ಯ ತವರ-ಸೀಸದ್ದು 183ಕ್ಕೆ, ಬಿಸ್ಮತ್ ಇರುವ ಒಂದು ಜಾತಿಯಂತೂ 70 ಡಿಗ್ರಿಗೇ. ಕೊನೆಯದು ಕುದಿಯೋ ನೀರಿನಲ್ಲೇ ಕರಗಿ ಹೋಗುವಷ್ಟು ಮೆದು. ದೊಡ್ಡದು ಮೊದಲು, ನಾಜೂಕಿನದು ಕೊನೆಗೆ ಅಂತ ಕ್ರಮ ಹಾಕಿಕೊಂಡರೆ ಗುಮ್ಮಟ ಜಾರಲ್ಲ. ಕಿಟಕಿ ತೆರೆದಿಡಿ, ಕೆಲಸ ಆದಮೇಲೆ ಕೈ ತೊಳೆಯದೆ ಮಂಡಕ್ಕಿಗೆ ಕೈ ಹಾಕಬೇಡಿ. ಸೀಸ ಹೊಟ್ಟೆಗೆ ಹೋಗೋದು ಹಾಗೇ.

ಕೆಲಸ ಮುಗಿದ ದಿನವೇ ತೊಳೆಯಬೇಕು ಅನ್ನೋದೂ ಮುಖ್ಯ. ಆಸಿಡ್ ಇರುವ ಫ್ಲಕ್ಸ್ ಮೂಲೆಯಲ್ಲಿ ಉಳಿದರೆ ವಾರದೊಳಗೆ ಹಸಿರು ಕಿಲುಬು. ಬೆಚ್ಚಗಿನ ನೀರು, ಸೋಪು, ಚಿಟಿಕೆ ಅಡುಗೆ ಸೋಡಾ, ಹಳೇ ಹಲ್ಲುಜ್ಜೋ ಬ್ರಷ್. ಕಪ್ಪಾದ ಹಿತ್ತಾಳೆ ಬೆಳಗೋಕೆ ನಮ್ಮಮ್ಮ ಹೇಳಿಕೊಟ್ಟ ಹುಣಸೆಹಣ್ಣೇ ಸಾಕು. ಅದೂ ಆಸಿಡ್ಡೇ, ಆದ್ದರಿಂದ ಅದನ್ನೂ ಪೂರ್ತಿ ತೊಳೆದು ತೆಗೆಯಿರಿ.

ಗಾಳಿ, ಮರಳು, ನೀರು

ಈಗ ಅಜ್ಜನ ಪ್ರಶ್ನೆಗೆ ಬರೋಣ. ಉಗಿ ಇಂಜಿನ್ನಿನ ಮೈಮೇಲಿನ ಪ್ರತಿ ಪೈಪಿಗೂ ಒಂದು ಊರಿದೆ, ಹೋಗಿ ಸೇರೋ ಇನ್ನೊಂದು ಊರಿದೆ. ಅದು ಗೊತ್ತಾದರೆ ಪೈಪು ಎಲ್ಲಿ ಕೂರಬೇಕು, ಎಷ್ಟು ದಪ್ಪ ಇರಬೇಕು, ಎಲ್ಲಿ ಬಗ್ಗಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಮರಳಿನಿಂದ ಶುರು ಮಾಡೋಣ, ಅದು ಸುಲಭ. ಬಾಯ್ಲರ್ ನೆತ್ತಿಯಲ್ಲಿ ಎರಡು ಗುಮ್ಮಟ ಕಾಣುತ್ತವೆ. ಒಂದು ಉಗಿಯದು. ನೀರು ಕುದಿಯುವಾಗ ಹನಿ ಹಾರುತ್ತಲ್ವಾ, ಆ ಹನಿ ಸಿಲಿಂಡರಿಗೆ ಹೋಗಬಾರದು, ಅದಕ್ಕೇ ಎಲ್ಲಕ್ಕಿಂತ ಎತ್ತರದ ಜಾಗದಿಂದ ಒಣ ಉಗಿ ತಗೊಳ್ಳೋದು. ಇನ್ನೊಂದರಲ್ಲಿ ಮರಳು. ಮರಳು ಬಾಯ್ಲರ್ ಮೇಲೆ ಯಾಕೆ? ಬಾಯ್ಲರ್ ಬಿಸಿಗೆ ಅದು ಒಣಗಿರುತ್ತೆ. ಒದ್ದೆ ಮರಳು ಪೈಪಿನಲ್ಲಿ ಇಳಿಯಲ್ಲ. ಗಾಲಿ ಜಾರಿದಾಗ ಡ್ರೈವರ್ ಕವಾಟ ತೆಗೆದರೆ ಮರಳು ಹಳಿ ಮೇಲೆ, ಗಾಲಿಯ ಮುಂದೆ ಬೀಳಬೇಕು. ನನ್ನ ಇಂಜಿನ್ನಿನಲ್ಲಿ ಪೈಪು ರನ್ನಿಂಗ್ ಬೋರ್ಡಿಗೆ, ಅಂದ್ರೆ ಬಾಯ್ಲರ್ ಪಕ್ಕದಲ್ಲಿ ನಡೆದಾಡೋ ಹಲಗೆಗೆ ಬಂದು ನಿಂತುಬಿಟ್ಟಿತ್ತು. ಮರಳೆಲ್ಲ ಬೋರ್ಡ್ ಮೇಲೆ! ಈಗ ಅದು ಕೆಳಗಿಳಿದು ಗಾಲಿಯ ಮುಂದೆ, ಹಳಿಯಿಂದ ಕೂದಲೆಳೆ ಮೇಲೆ ನಿಲ್ಲುತ್ತೆ. ಮರಳು ತನ್ನ ಭಾರಕ್ಕೆ ಇಳಿಯೋ ವಸ್ತು. ಆದ್ದರಿಂದ ಆ ಪೈಪು ಎಲ್ಲೂ ಅಡ್ಡ ಮಲಗಬಾರದು, ಇಳಿಜಾರಾಗೇ ಇರಬೇಕು. ಚಿತ್ರದಲ್ಲಿ ನೋಡದೆಯೂ ಇದನ್ನ ಹೇಳಬಹುದು.

ಇನ್ನು ಬಾಯ್ಲರ್ ಪಕ್ಕಕ್ಕೆ ಅಂಟಿಕೊಂಡಿರುವ ದಪ್ಪ ಡಬ್ಬಿ. ಅಜ್ಜ ಅದನ್ನ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. “ನಮ್ಮ ವೈಪಿ, ವೈಜಿಗೆ ಇದು ಇರ್ಲಿಲ್ಲಲ್ಲೋ.” ಹೌದು, ವೈಜಿಗೂ ಇರಲಿಲ್ಲ, ಮೀಟರ್‌ಗೇಜಿನ ಪ್ಯಾಸೆಂಜರ್ ಇಂಜಿನ್ ವೈಪಿಗೂ ಇರಲಿಲ್ಲ. ಅಮೆರಿಕದ್ದು ಗಾಳಿ ಬ್ರೇಕು. 1869ರಲ್ಲಿ ವೆಸ್ಟಿಂಗ್‌ಹೌಸ್ ಪೇಟೆಂಟ್ ಪಡೆದ ಪದ್ಧತಿ. ಈ ಡಬ್ಬಿಯೇ ಉಗಿಯಿಂದ ನಡೆಯುವ ಪಂಪು, ಗಾಳಿಯನ್ನು ಒತ್ತಿ ಒತ್ತಿ ಟ್ಯಾಂಕಿಗೆ ತುಂಬುತ್ತೆ. ನಮ್ಮಲ್ಲಿ ಆಗ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಅಲ್ಲಿ ಗಾಳಿ ತುಂಬಲ್ಲ, ಎಜೆಕ್ಟರ್ ಅನ್ನೋ ಉಗಿ ಕೊಳವೆಯಿಂದ ರೈಲಿನ ಪೈಪಿನೊಳಗಿನ ಗಾಳಿಯನ್ನು ಎಳೆದು ಹಾಕ್ತಾರೆ. ಹಾಗಾಗಿ ನಾಳೆ ಯಾರಾದರೂ ವೈಪಿ ಮಾದರಿ ಮಾಡಿ, ಚೆಂದ ಕಾಣುತ್ತೆ ಅಂತ ಈ ಪಂಪು ಬೆಸೆದರೆ ನಮ್ಮಜ್ಜನ ಹತ್ರ ತರಬೇಡಿ. ಗಂಟೆಗೂ ಅದೇ ಮಾತು. ಅಮೆರಿಕದ ಇಂಜಿನ್ನಿಗೆ ಗಂಟೆ ಇರಲೇಬೇಕು, ನಮ್ಮದಕ್ಕೆ ಬೇಡ.

ಗಾಳಿ ಪಂಪಿನಿಂದ ಹೊರಡುವ ಪೈಪು ನೇರವಾಗಿ ಟ್ಯಾಂಕಿಗೆ ಹೋಗಲ್ಲ. ರನ್ನಿಂಗ್ ಬೋರ್ಡಿನ ಕೆಳಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಹಾವಿನ ಥರ ಸುತ್ತುತ್ತೆ. ಇದು ಯಾವನೋ ಸೋಮಾರಿಯ ಕೆಲಸ ಅಂತ ಅಂದ್ಕೊಂಡಿದ್ದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತಲ್ವಾ? ಒತ್ತಿದ ಗಾಳಿ ಬಿಸಿಯಾಗುತ್ತೆ. ಬಿಸಿ ಗಾಳಿಯಲ್ಲಿ ನೀರಿನ ಆವಿ ಅಡಗಿರುತ್ತೆ. ತಣ್ಣಗಾದಾಗ ಅದು ನೀರಾಗಿ ಇಳಿಯುತ್ತೆ. ಆ ನೀರು ಮುಂದೆ ಬ್ರೇಕ್ ಕವಾಟಗಳಿಗೆ ಹೋದರೆ ಚಳಿಯಲ್ಲಿ ಹೆಪ್ಪುಗಟ್ಟಿ ಬ್ರೇಕೇ ಹಿಡಿಯಲ್ಲ. ಅದಕ್ಕೇ ಮೊದಲು ಉದ್ದ ದಾರಿ ಸುತ್ತಿಸಿ ತಣ್ಣಗೆ ಮಾಡಿ, ನೀರನ್ನು ಟ್ಯಾಂಕಿನಲ್ಲೇ ಇಳಿಸೋದು. ಇಷ್ಟು ತಿಳಿದ ಮೇಲೆ ಆ ಸುತ್ತು ಪೈಪನ್ನು ಬಗ್ಗಿಸೋ ಕೈಗೇ ಒಂದು ಧೈರ್ಯ ಬಂತು. ಎಷ್ಟು ಸುತ್ತು, ಯಾವ ತುದಿ ಎಲ್ಲಿಗೆ, ಒಂದೂ ಅನುಮಾನ ಉಳಿಯಲಿಲ್ಲ.

ನೀರಿನ ಪೈಪೇ ಎಲ್ಲಕ್ಕಿಂತ ಮಜಾ. ಬಾಯ್ಲರಿನೊಳಗೆ ಚದರ ಇಂಚಿಗೆ 200 ಪೌಂಡ್ ಒತ್ತಡ. ಅದರೊಳಕ್ಕೆ ಟೆಂಡರಿನ ತಣ್ಣೀರು ತಳ್ಳಬೇಕು. ತಳ್ಳೋದು ಯಾರು? ಅದೇ ಬಾಯ್ಲರಿನ ಉಗಿ! ಒಳಗಿನ ಒತ್ತಡದಿಂದಲೇ ಒಳಗಿನ ಒತ್ತಡವನ್ನು ಗೆಲ್ಲೋದು ಹೇಗೆ ಸಾಧ್ಯ ಅಂತ ಯಾರಿಗಾದರೂ ಅನಿಸುತ್ತೆ. 1858ರಲ್ಲಿ ಫ್ರಾನ್ಸಿನ ಗಿಫಾರ್ ಇದಕ್ಕೆ ಇಂಜೆಕ್ಟರ್ ಅನ್ನೋ ಉಪಕರಣ ಕಂಡುಹಿಡಿದ. ಉಗಿ ಕಿರಿದಾದ ಮೂತಿಯಿಂದ ಭಾರೀ ವೇಗದಲ್ಲಿ ನುಗ್ಗುತ್ತೆ, ತಣ್ಣೀರಿಗೆ ಬಡಿದು ತಾನೂ ನೀರಾಗುತ್ತೆ, ತನ್ನ ವೇಗವನ್ನೆಲ್ಲ ಆ ನೀರಿಗೆ ಕೊಡುತ್ತೆ. ಆಮೇಲೆ ಕೊಳವೆ ಅಗಲವಾಗುತ್ತಾ ಹೋಗುತ್ತೆ, ವೇಗ ಇಳಿದು ಒತ್ತಡ ಏರುತ್ತೆ. ನಿಂತಲ್ಲಿಂದ ಕಾಂಪೌಂಡ್ ಹಾರೋಕಾಗದವನು ದೂರದಿಂದ ಓಡಿ ಬಂದು ಹಾರ್ತಾನಲ್ಲ, ಹಾಗೆ.

ಇದರಿಂದ ಮಾದರಿ ಮಾಡುವವನಿಗೆ ಏನು ತಿಳಿಯಿತು? ಇಂಜೆಕ್ಟರಿಗೆ ಮೂರು ಸಂಬಂಧ ಇರಬೇಕು. ಮೇಲಿಂದ ಉಗಿ, ಹಿಂದಿನಿಂದ ಟೆಂಡರಿನ ನೀರು, ಮುಂದಕ್ಕೆ ಬಾಯ್ಲರಿಗೆ ಹೋಗೋ ಪೈಪು. ಜೊತೆಗೆ ಶುರುವಿನಲ್ಲಿ ಚೆಲ್ಲೋ ನೀರು ಕೆಳಗೆ ಬೀಳೋಕೆ ಒಂದು ಮೊಂಡು ಪೈಪು. ಮುಂದಕ್ಕೆ ಹೋಗೋದು ಬಾಯ್ಲರಿನ ಮುಂಭಾಗದ ಹತ್ತಿರ ಒಂದು ಕವಾಟಕ್ಕೆ ಸೇರುತ್ತೆ. ಆ ಕವಾಟ ನೀರನ್ನು ಒಳಕ್ಕೆ ಬಿಡುತ್ತೆ, ಹೊರಕ್ಕೆ ಬಿಡಲ್ಲ. ಮುಂದೆಯೇ ಯಾಕೆ? ಬೆಂಕಿ ಗೂಡು ಹಿಂದಿದೆ, ತಣ್ಣೀರು ಅದಕ್ಕೆ ನೇರ ಬಡಿಯಬಾರದು. ಅಜ್ಜ ಬೆರಳಿಟ್ಟಿದ್ದ ನನ್ನ ‘ಒಡವೆ’ ಇದೇ ಪೈಪು. ಬಾಯ್ಲರಿನ ನಡುವಿಂದ ಹೊರಟು ಇಂಜೆಕ್ಟರನ್ನೇ ಮುಟ್ಟದೆ ಹೋಗಿತ್ತು.

ತಂತಿ ಸಿಕ್ಕಿದ್ದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ

ಪೈಪಿಗೆ ಏನು ಬಳಸಬೇಕು ಅಂತ ಹುಡುಕಾಡೋದೇ ಬೇಡ. ಬೋರ್‌ವೆಲ್ ಮೋಟಾರು ಸುಟ್ಟರೆ ರಿವೈಂಡ್ ಮಾಡೋ ಅಂಗಡಿ ನಮ್ಮ ಜಿಲ್ಲೆಯಲ್ಲಿ ಯಾವ ಊರಲ್ಲಿಲ್ಲ ಹೇಳಿ? ಅಲ್ಲಿ ತಾಮ್ರದ ತಂತಿ ಗೇಜ್ ಲೆಕ್ಕದಲ್ಲಿ ಸಿಗುತ್ತೆ. ಸುಮಾರು 60 ಮಿ.ಮೀ. ದಪ್ಪದ ನೀರಿನ ಪೈಪು 87ರಿಂದ ಭಾಗಿಸಿದರೆ 0.69 ಮಿ.ಮೀ. 22 ಗೇಜ್ ತಂತಿ 0.71, ಸರಿಹೋಯಿತು. ಕೈಪಿಡಿ ಕಂಬಿ ನಿಜದಲ್ಲಿ ಸುಮಾರು ಒಂದೂಕಾಲು ಇಂಚು, ಅದಕ್ಕೆ 28 ಗೇಜ್, ಅಂದ್ರೆ 0.38. ಅದಕ್ಕಿಂತ ಸಣ್ಣ ಪೈಪುಗಳಿಗೆ 33 ಗೇಜ್. ಬೇಕಾದದ್ದು ಒಂದು ಮಾರು ಉದ್ದ. ಅಂಗಡಿಯವರು ದುಡ್ಡೂ ತಗೊಳ್ಳಲಿಲ್ಲ, “ಯಾವ ಮೋಟಾರಿಗೆ ಸಾರ್ ಇದು?” ಅಂತ ಮಾತ್ರ ಕೇಳಿದರು.

ಆ ತಂತಿಯ ಮೇಲೆ ಇನಾಮಲ್ ಲೇಪ ಇರುತ್ತೆ, ಬೆಸೆಯೋ ತುದಿಗಳಲ್ಲಿ ಕೆರೆದು ತೆಗೆಯಬೇಕು. ಸುರುಳಿಯಿಂದ ಬಂದ ತಂತಿ ಸೊಟ್ಟಗಿರುತ್ತೆ. ಒಂದು ತುದಿ ವೈಸಿಗೆ ಕಚ್ಚಿಸಿ, ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಜಗ್ಗಿ. ಕೈಗೆ ಒಂದು ಸಣ್ಣ ಜಾರು ಸಿಗುತ್ತೆ, ಬೆಣ್ಣೆಯಲ್ಲಿ ಎಳೆದಂತೆ. ಆ ಕ್ಷಣಕ್ಕೆ ನಿಲ್ಲಿಸಿ. ತಂತಿ ದರ್ಜಿಯ ಗೆರೆ ಹಾಗೆ ನೇರವಾಗಿರುತ್ತೆ, ಸ್ವಲ್ಪ ಗಟ್ಟಿಯೂ ಆಗಿರುತ್ತೆ.

ಪಂಪು, ಗಂಟೆ, ಕವಾಟದಂಥ ಭಾಗಗಳನ್ನು ತಂತಿಯಲ್ಲಿ ಮಾಡೋಕಾಗಲ್ಲ. ಅವು ಎರಕದವು. ಕೆಮ್ಟ್ರಾನ್, ಕ್ಯಾಲ್-ಸ್ಕೇಲ್ ಅನ್ನೋ ಅಮೆರಿಕದ ಹೆಸರುಗಳು ಇದಕ್ಕೆ ಪ್ರಸಿದ್ಧ. ಪದ್ಧತಿ ಮಾತ್ರ ನಮಗೆ ಹಳೇದು: ಮೇಣದಲ್ಲಿ ಆಕಾರ ಮಾಡಿ, ಸುತ್ತ ಅಚ್ಚು ಕಟ್ಟಿ, ಕಾಯಿಸಿ ಮೇಣ ಹರಿಸಿ, ಆ ಖಾಲಿಯಲ್ಲಿ ಲೋಹ ಹುಯ್ಯೋದು. ನಮ್ಮ ಪಂಚಲೋಹದ ಉತ್ಸವ ಮೂರ್ತಿಗಳನ್ನು ಎರೆಯೋದೂ ಹೀಗೇ. ಆ ಪತ್ತಾರರಿಗೆ ಅಕ್ಕಿ ಕಾಳಿನಷ್ಟಿದ್ದ ಕವಾಟ ತೋರಿಸಿದೆ. ಭೂತಗನ್ನಡಿ ಹಾಕಿಕೊಂಡು ನೋಡಿ, “ನತ್ತಿನ ಕೊಕ್ಕೆ ಹಾಕಿದ್ರೆ ನಡೀತದೆ” ಅಂದರು.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಹಳೇ ಲ್ಯಾಕರ್ ತೆಗೆದು, ಜಿಡ್ಡು ತೊಳೆದು, ಲೋಹಕ್ಕೆ ಕಚ್ಚುವ ಪ್ರೈಮರ್ ಹೊಡೆದು, ಮೇಲೆ ತೆಳುವಾಗಿ ಕಪ್ಪು. ಅಪ್ಪಟ ಕಪ್ಪು ಬೇಡ, ಚೂರು ಬೂದು ಬೆರೆಸಿ. ಇಲ್ಲದಿದ್ದರೆ ಇಷ್ಟೆಲ್ಲ ಬೆಸೆದದ್ದು ಕಣ್ಣಿಗೇ ಬೀಳಲ್ಲ. ಕೊಳೆ ಹಚ್ಚುವಾಗಲೂ ಅಜ್ಜನ ಪ್ರಶ್ನೆಯೇ ದಾರಿ ತೋರಿಸಿತು. ಕವಾಟದ ಕೆಳಗೆ, ಇಂಜೆಕ್ಟರಿನ ಮೊಂಡು ಪೈಪಿನ ಹತ್ರ ಮಾತ್ರ ಬಿಳಿ ಗೆರೆ. ಯಾಕಂದ್ರೆ ನೀರು ಸೋರೋದು, ಆರೋದು ಅಲ್ಲಿ. ಗಡುಸು ನೀರು ಆರಿದ ಮೇಲೆ ಹೇಗೆ ಕಾಣುತ್ತೆ ಅಂತ ನೋಡೋಕೆ ಪುಸ್ತಕ ಬೇಕಿಲ್ಲ, ನಮ್ಮ ಬೋರ್ ನೀರಿನ ನಲ್ಲಿ ಕೆಳಗಿನ ಬಕೆಟ್ ಸಾಕು. ಅಪರೂಪದ ಮಾದರಿ ಕೈಲಿದ್ದು, ಮುಂದೆ ಮಾರುವ ಯೋಚನೆ ಇದ್ದರೆ ಇದಾವುದನ್ನೂ ಮಾಡಬೇಡಿ. ಸಂಗ್ರಹ ಮಾಡುವವರಿಗೆ ಮುಟ್ಟದ ಹಿತ್ತಾಳೆ, ಹಳೇ ಡಬ್ಬಿ ಇವೇ ಪ್ರೀತಿ. ನನ್ನದು ಹಾಗಲ್ಲ, ಓಡಿಸೋಕೆ ತಂದದ್ದು.

ಕಳೆದ ವಾರ ಅಜ್ಜ ಮತ್ತೆ ಬಂದರು. ಚಹಾ ಕುಡಿದು, ಕನ್ನಡಕ ಒರೆಸಿಕೊಂಡು ಒಂದೊಂದೇ ಪೈಪಿನ ಮೇಲೆ ಬೆರಳಿಟ್ಟರು. ನಾನು ಹೇಳ್ತಾ ಹೋದೆ. ಇದು ಗಾಳಿ, ಇದು ಮರಳು, ಇದು ನೀರು, ಇದು ಸಿಳ್ಳೆಗೆ ಹೋಗೋ ಉಗಿ. ಅಜ್ಜ ಹ್ಞೂಂ ಹ್ಞೂಂ ಅಂತ ಕೇಳಿಸಿಕೊಂಡರು. ಆಮೇಲೆ ಇಂಜಿನ್ನನ್ನು ತಿರುಗಿಸಿ ಡ್ರೈವರ್ ನಿಲ್ಲೋ ಜಾಗಕ್ಕೆ ಇಣುಕಿದರು.

“ಗೇಜ್ ಗ್ಲಾಸ್ ಎಲ್ಲೈತಿ?”

ಆ ಜಾಗದಲ್ಲಿ ಮುಂಚೆ ಹಳೇ ಮೋಟಾರಿನ ಬೆನ್ನು ಚಾಚಿಕೊಂಡಿತ್ತು. ಸಣ್ಣ ಮೋಟಾರು ಹಾಕಿದ ಮೇಲೆ ಖಾಲಿಯಾಗಿದೆ. ನಾನು ಅದನ್ನ ಖಾಲಿಯೇ ಬಿಟ್ಟಿದ್ದೆ.

“ನೀರು ಎಷ್ಟೈತಿ ಅಂತ ನೋಡ್ದೆ ಗಾಡಿ ಬಿಡ್ತೀಯೇನು?” ಅಂದರು. ಬೆಂಕಿ ಗೂಡಿನ ನೆತ್ತಿಯ ಮೇಲೆ ಯಾವಾಗಲೂ ನೀರಿರಬೇಕು. ನೀರು ಇಳಿದು ನೆತ್ತಿ ಬರಿದಾದರೆ ಅಲ್ಲಿನ ಲೋಹ ಕೆಂಪಗೆ ಕಾದು ಮೆದುವಾಗಿ ಬಾಯ್ಲರೇ ಸಿಡಿಯಬಹುದು. ಅದಕ್ಕೇ ತಮ್ಮ ಇಂಜಿನ್ನುಗಳಲ್ಲಿ ಆ ನೆತ್ತಿಗೆ ಸೀಸ ತುಂಬಿದ ಒಂದು ಬಿರಡೆ ಇರುತ್ತಿತ್ತು, ಲೆಡ್ ಪ್ಲಗ್ ಅಂತ. ನೀರು ಹೋದರೆ ಮೊದಲು ಆ ಸೀಸ ಕರಗಿ, ಉಗಿ ಬೆಂಕಿ ಮೇಲೇ ನುಗ್ಗಿ ಎಚ್ಚರಿಸುತ್ತಿತ್ತು. ಹಾಗಾದ ದಿನ ಡ್ರೈವರ್, ಫೈರ್‌ಮನ್ ಇಬ್ಬರ ಗ್ರಹಚಾರವೂ ನೆಟ್ಟಗಿರುತ್ತಿರಲಿಲ್ಲವಂತೆ.

ಇಂಜಿನ್ ಈಗ ಮತ್ತೆ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದೆ. ಗೇಜ್ ಗ್ಲಾಸಿಗೆ 3 ಮಿ.ಮೀ. ಉದ್ದದ, ಆಚೆ ಕಡೆ ಕಾಣುವಂಥ ಎಳೆ ಬೇಕು. ಮೀನು ಹಿಡಿಯೋ ನೈಲಾನ್ ದಾರ 0.25 ಮಿ.ಮೀ. ದಪ್ಪದ್ದು ಇದೆಯಂತೆ. ನಾಳೆ ಮಂಡಿಪೇಟೆ ಕಡೆ ಹೋಗಿ ವಿಚಾರಿಸಬೇಕು.